ಸೋಸಿ ಚೆಲ್ಲಿದ ಸದ್ದು

ಸೇತುವೆಗಳು ಎಷ್ಟು ಅಲುಗುತ್ತವೆ ಎಂದು ಅಳೆಯುವುದು ನನ್ನ ಕಸುಬು. ಅಲುಗದ ಸೇತುವೆ ಲೋಕದಲ್ಲಿಲ್ಲ. ಲಾರಿ ಬಂದರೆ ಬಗ್ಗುತ್ತದೆ, ಗಾಳಿ ಬೀಸಿದರೆ ತೊನೆಯುತ್ತದೆ, ಬಿಸಿಲೇರಿದರೆ ಹಿಗ್ಗುತ್ತದೆ, ಜನ ನಡೆದರೆ ನಡುಗುತ್ತದೆ. ಎಷ್ಟು ಅಲುಗಿದರೆ ಸರಿ, ಎಷ್ಟಾದರೆ ಅಪಾಯ ಎಂಬುದಷ್ಟೇ ನಮ್ಮ ಪ್ರಶ್ನೆ. ಅದಕ್ಕೆಂದು ಸೇತುವೆಯ ಮೈಗೆ ಹೆಬ್ಬೆರಳ ಗಾತ್ರದ ಆಕ್ಸೆಲೆರೋಮೀಟರುಗಳನ್ನು ಅಂಟಿಸುತ್ತೇವೆ. ಅವು ಕಂಪನವನ್ನು ವಿದ್ಯುತ್ ಸಂಕೇತವಾಗಿಸಿ ಕಂಪ್ಯೂಟರಿಗೆ ಕಳಿಸುತ್ತವೆ. ಅಲ್ಲಿ ನಡೆಯುವ ಮೊದಲ ಕೆಲಸವೇ ಸೋಸುವುದು. ಜನ ನಡೆಯುವ ಸೇತುವೆಯಾದರೆ ನಮಗೆ ಬೇಕಾದದ್ದು ಸೆಕೆಂಡಿಗೆ ಐದಾರು ಸಲಕ್ಕಿಂತ ನಿಧಾನವಾದ ಅಲುಗಾಟ. ಅದಕ್ಕಿಂತ ವೇಗದ್ದನ್ನೆಲ್ಲ ಫಿಲ್ಟರ್ ಹಾಕಿ ತೆಗೆದುಬಿಡುತ್ತೇವೆ. ಮನುಷ್ಯನ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು 20 ಕಂಪನಗಳಿಂದ ಮೇಲೆ. ಹಾಗಾಗಿ ನಾವು ಉಳಿಸಿಕೊಳ್ಳುವ ಭಾಗ ಯಾರ ಕಿವಿಗೂ ಕೇಳದು. ಕಿವಿಗೆ ಕೇಳುವ ಭಾಗವನ್ನು ನಾವು ಉಳಿಸಿಕೊಳ್ಳುವುದಿಲ್ಲ.

ಇಷ್ಟು ಸರಳವಾದ ಸಂಗತಿ ನನಗೆ ಹೊಳೆದದ್ದು 2006ರ ಬೇಸಿಗೆಯಲ್ಲಿ, ಲಂಡನ್ನಿನ ಒಂದು ಕಲಾ ಸಂಗ್ರಹಾಲಯದೊಳಗೆ. ಆಗ ನಾನು ಅದೇ ಊರಿನಲ್ಲಿ, ಕಂಪನ ಅಳೆಯುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ.

ಥೇಮ್ಸ್ ನದಿಯ ಮೇಲಿನ ಮಿಲೇನಿಯಂ ಸೇತುವೆಯನ್ನು ನಮ್ಮ ಕಸುಬಿನಲ್ಲಿ ಅರಿಯದವರಿಲ್ಲ. ಉತ್ತರದ ದಡದಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್, ದಕ್ಷಿಣದಲ್ಲಿ ಟೇಟ್ ಮಾಡರ್ನ್ ಎಂಬ ಆ ಕಲಾ ಸಂಗ್ರಹಾಲಯ. ಎರಡನ್ನೂ ಸೇರಿಸುವುದು ನಾಲ್ಕು ಮೀಟರ್ ಅಗಲದ, ನಡೆಯುವವರಿಗೆಂದೇ ಕಟ್ಟಿದ ಉಕ್ಕಿನ ದಾರಿ. ಆರುಪ್ ಸಂಸ್ಥೆಯ ಎಂಜಿನಿಯರುಗಳು, ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್, ಶಿಲ್ಪಿ ಆಂಥನಿ ಕ್ಯಾರೋ ಕೂಡಿ ಅದನ್ನು ರೂಪಿಸಿದರು. ಬೇರೆ ತೂಗುಸೇತುವೆಗಳಲ್ಲಿ ಎತ್ತರದ ಗೋಪುರಗಳಿಂದ ಕೇಬಲ್ಲುಗಳು ಆಳವಾಗಿ ಜೋತುಬಿದ್ದಿರುತ್ತವೆ. ಇಲ್ಲಿ ನದಿಯ ನೋಟಕ್ಕೆ ಅಡ್ಡ ಬರಬಾರದೆಂದು ಕೇಬಲ್ಲುಗಳನ್ನು ದಾರಿಯ ಎರಡು ಬದಿಗೆ ಹೆಚ್ಚೂಕಡಿಮೆ ನೇರವಾಗಿ ಎಳೆದು ಕಟ್ಟಿದ್ದಾರೆ. 144 ಮೀಟರ್ ಉದ್ದದ ನಡುವಿನ ಹರವಿನಲ್ಲಿ ಅವು ಇಳಿಬಿದ್ದಿರುವುದು ಬರೀ 2.3 ಮೀಟರ್. ಅಷ್ಟು ಬಿಗಿ.

2000ದ ಜೂನ್ 10ರಂದು ಸೇತುವೆ ತೆರೆದಾಗ ಸಾವಿರಾರು ಜನ ಒಟ್ಟಿಗೆ ಬಂದರು, ಸೇತುವೆ ಪಕ್ಕಕ್ಕೆ ತೂಗಾಡತೊಡಗಿತು. ನಡೆಯುವಾಗ ನಾವು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ. ಎಡಗಾಲು ಒಂದು ಕಡೆಗೆ, ಬಲಗಾಲು ಇನ್ನೊಂದು ಕಡೆಗೆ ನೆಲವನ್ನು ತುಸುವೇ ನೂಕುತ್ತದೆ. ಹಾಗಾಗಿ ಪಕ್ಕದ ನೂಕು ಸೆಕೆಂಡಿಗೆ ಒಂದು ಆವರ್ತನ. ಆ ಸೇತುವೆಯ ಸಹಜ ತೊನೆತವೂ ಅದರ ಆಸುಪಾಸಿನಲ್ಲೇ ಇತ್ತು. ನೆಲ ಸ್ವಲ್ಪ ತೊನೆದಾಗ ಜನ ಬೀಳದಿರಲು ಕಾಲು ಅಗಲಿಸಿ ಅದರ ಲಯಕ್ಕೇ ಹೆಜ್ಜೆ ಹಾಕಿದರು. ಅವರ ಹೆಜ್ಜೆ ಸೇತುವೆಯನ್ನು ಇನ್ನಷ್ಟು ತೂಗಿತು, ತೂಗಾಟ ಇನ್ನಷ್ಟು ಜನರನ್ನು ಒಂದೇ ಲಯಕ್ಕೆ ತಂದಿತು. ತೂಗಾಟ 70 ಮಿಲಿಮೀಟರ್ ತನಕ ಹೋಯಿತು. ಜೂನ್ 12ರಂದು ಸೇತುವೆಯನ್ನು ಮುಚ್ಚಿದರು. ಅದರ ಎಂಜಿನಿಯರುಗಳು ಏನೇನಾಯಿತು ಎಂಬುದನ್ನು ಅಳೆದು, ಪರೀಕ್ಷಿಸಿ, ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದರು. ಆ ಪ್ರಬಂಧವನ್ನು ಓದಿಯೇ ನಮ್ಮ ತಲೆಮಾರಿನವರು ಪಾದಚಾರಿ ಸೇತುವೆಯ ಪಾಠ ಕಲಿತದ್ದು. ಪಕ್ಕದ ತೂಗಾಟವನ್ನು ಹೀರಿ ತಗ್ಗಿಸಲು 37 ಡ್ಯಾಂಪರುಗಳನ್ನು, ಮೇಲೆ-ಕೆಳಗಿನ ಅಲುಗಾಟಕ್ಕೆ ಇನ್ನೊಂದಷ್ಟನ್ನು ಜೋಡಿಸಿ 2002ರ ಫೆಬ್ರವರಿಯಲ್ಲಿ ಮತ್ತೆ ತೆರೆದರು. ನಾನು ಲಂಡನ್ನಿಗೆ ಹೋಗುವ ಹೊತ್ತಿಗೆ ಆ ತೂಗಾಟ ನಿಂತಿತ್ತು. ನಮ್ಮ ಲೆಕ್ಕದಲ್ಲಿ ಅದರ ಕತೆ ಮುಗಿದಿತ್ತು.

2006ರ ಆ ಬೇಸಿಗೆಯಲ್ಲಿ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲಿಗೆ ಹೋದಾಗ ನೋಡಲು ಅಲ್ಲಿ ಏನೂ ಇರಲಿಲ್ಲ. ಅದು ಒಂದು ಕಾಲದ ಬ್ಯಾಂಕ್‌ಸೈಡ್ ವಿದ್ಯುತ್ ಕೇಂದ್ರ. 1981ರಲ್ಲಿ ಕೇಂದ್ರ ನಿಂತು, ಟರ್ಬೈನುಗಳನ್ನು ಎತ್ತಿ ಒಯ್ದ ಮೇಲೆ ಉಳಿದದ್ದು 155 ಮೀಟರ್ ಉದ್ದ, 35 ಮೀಟರ್ ಎತ್ತರದ ಒಂದು ಮಹಾ ಖಾಲಿತನ. ಆ ಖಾಲಿತನದಲ್ಲಿ ತಗ್ಗಿನ ನಾದವೊಂದು ತುಂಬಿಕೊಂಡಿತ್ತು. ಕೆಲವೊಮ್ಮೆ ಏರುತ್ತ, ಕೆಲವೊಮ್ಮೆ ಇಳಿಯುತ್ತ, ಎಲ್ಲೂ ಕಡಿಯದೆ. ಅದರ ಮೇಲೆ ಆಗಾಗ ಟಕ್ ಎನ್ನುವ ಒಂದು ಪೆಟ್ಟು, ಪೆಟ್ಟಿನ ಹಿಂದೆ ದೀರ್ಘವಾಗಿ ಎಳೆದ ಲೋಹದ ಗುಂಯ್. ಒಮ್ಮೊಮ್ಮೆ ಒಂದು ತುದಿಯಿಂದ ಹೊರಟು ಇನ್ನೊಂದು ತುದಿಗೆ ಸಾಗಿಹೋಗುವ ಕಂಪ. ಗೋಡೆಯ ಮೇಲಿನ ಬರಹ ಓದಿದೆ: ಬಿಲ್ ಫಾಂಟಾನಾ, ‘ಹಾರ್ಮೋನಿಕ್ ಬ್ರಿಜ್’. ಹೊರಗಿನ ಮಿಲೇನಿಯಂ ಸೇತುವೆಯ ಹಲವೆಡೆ ಕಂಪನ ಗ್ರಾಹಕಗಳನ್ನು ಅಂಟಿಸಿ, ಆ ಕ್ಷಣದಲ್ಲಿ ಸೇತುವೆಯೊಳಗೆ ನಡೆಯುತ್ತಿರುವುದನ್ನು ಆ ಕ್ಷಣದಲ್ಲೇ ಇಲ್ಲಿಗೆ ತಂದು ಕೇಳಿಸುತ್ತಿದ್ದರು. ಆರುಪ್‌ನ ಧ್ವನಿತಜ್ಞರು ಅದಕ್ಕೆ ಕೈಜೋಡಿಸಿದ್ದರು. ಹತ್ತಿರದ ಸದರ್ಕ್ ಮೆಟ್ರೋ ನಿಲ್ದಾಣದಲ್ಲೂ ಅದೇ ನಾದ ಕೇಳಿಸುತ್ತಿತ್ತು.

ಬೆನ್ನ ಮೇಲಿನ ಚೀಲದಲ್ಲಿ ನನ್ನದೇ ಆಕ್ಸೆಲೆರೋಮೀಟರುಗಳಿದ್ದವು. ಬೆಳಗ್ಗೆ ಬೇರೆಲ್ಲೋ ಅಳತೆ ಮುಗಿಸಿ ಬಂದಿದ್ದೆ. ಅದೇ ಬಗೆಯ ಉಪಕರಣ, ಅದೇ ಬಗೆಯ ಅಂಟು, ಅದೇ ಬಗೆಯ ತಂತಿ. ಕಲಾವಿದ ಫಾಂಟಾನಾ ನಮ್ಮ ಹಾಗೆ ಸೋಸಿರಲಿಲ್ಲ, ಅಷ್ಟೇ ವ್ಯತ್ಯಾಸ. ನಾವು ಚೆಲ್ಲುವುದನ್ನು ಆತ ಬೊಗಸೆಯಲ್ಲಿ ಹಿಡಿದು ತಂದಿದ್ದ. ಪೆಟ್ಟು ಎಂದರೆ ಯಾರದೋ ಹಿಮ್ಮಡಿ. ಸಾಗಿಹೋದ ಕಂಪ ಎಂದರೆ ಉರುಳುವ ಯಾವುದೋ ಗಾಲಿ. ಬಿಗಿದ ಕೇಬಲ್ಲುಗಳು, ಅವನ್ನು ಹಿಡಿದ ಉಕ್ಕಿನ ತೋಳುಗಳು, ಕೈಕಂಬಿಗಳು ತಮ್ಮ ತಮ್ಮ ಉದ್ದಕ್ಕೆ, ಬಿಗಿತಕ್ಕೆ ತಕ್ಕಂತೆ ನುಡಿಯುತ್ತಿದ್ದವು. ಸೇತುವೆಯ ಮೇಲೆ ನಿಂತವರಿಗೆ ಇದಾವುದೂ ಕೇಳುವುದಿಲ್ಲ. ಉಕ್ಕಿನೊಳಗಿನ ಕಂಪನದಲ್ಲಿ ಗಾಳಿಗೆ ದಾಟಿಕೊಳ್ಳುವುದು ಬಹಳ ಅಲ್ಪ. ದಾಟಿದ್ದನ್ನು ನದಿಯ ಗಾಳಿಯೂ ಊರಿನ ಗದ್ದಲವೂ ನುಂಗಿಬಿಡುತ್ತವೆ.

ಕೇಳುತ್ತ ಕೂತಾಗ ಇನ್ನೊಂದು ನಾದ ಬೇರೆಯಾಗಿ ಕಿವಿಗೆ ಬಿತ್ತು. ಅದು ಕಲಾಕೃತಿಯದಲ್ಲ, ಕಟ್ಟಡದ್ದೇ. ಟೇಟ್‌ನ ಒಂದು ಭಾಗದಲ್ಲಿ ವಿದ್ಯುತ್ ಸಬ್‌ಸ್ಟೇಷನ್ ಆಗಿನ್ನೂ ಕೆಲಸ ಮಾಡುತ್ತಿತ್ತು. ಅದರ ಟ್ರಾನ್ಸ್‌ಫಾರ್ಮರುಗಳ ಗುಂಯ್ ಹಾಲಿನೊಳಗೂ ಕೇಳುತ್ತಿತ್ತು. ಬ್ರಿಟನ್ನಿನಲ್ಲೂ ನಮ್ಮಲ್ಲೂ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಪ್ರತಿ ಆವರ್ತನದಲ್ಲಿ ಟ್ರಾನ್ಸ್‌ಫಾರ್ಮರಿನ ಉಕ್ಕಿನ ತಿರುಳು ಎರಡು ಸಲ ಹಿಗ್ಗಿ ಕುಗ್ಗುತ್ತದೆ. ಅದಕ್ಕೇ ಆ ಗುಂಯ್ 100 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಯಕ್ಷಗಾನದವರ ಮಾತಿನಲ್ಲಿ ಹೇಳುವುದಾದರೆ, ‘ಬಿಳಿ ಒಂದು’ ಶ್ರುತಿಗೆ ಹಾಡುವವರ ಮಂದ್ರ ಪಂಚಮಕ್ಕೆ ತೀರ ಹತ್ತಿರ. ಸುಳ್ಯದಲ್ಲಿ ನಮ್ಮ ಮನೆ ಹತ್ತಿರದ ಟ್ರಾನ್ಸ್‌ಫಾರ್ಮರಿನ ಶ್ರುತಿಯೂ ಅದೇ. ಅಮೆರಿಕದಲ್ಲಾದರೆ ವಿದ್ಯುತ್ತು 60 ಆವರ್ತನದ್ದು, ಗುಂಯ್ 120ರಲ್ಲಿ. ಒಂದು ದೇಶದ ವಿದ್ಯುತ್ ಜಾಲ ಯಾವ ಶ್ರುತಿಗೆ ನಿಂತಿದೆಯೋ ಅದರ ಊರುಗಳೆಲ್ಲ ಹಗಲು ರಾತ್ರಿ ಆ ಶ್ರುತಿ ಹಿಡಿದೇ ಇರುತ್ತವೆ ಎಂಬ ಅರಿವಿಗೆ ನನ್ನ ಮೈ ಜುಮ್ಮೆಂದಿತು.

ಸುಳ್ಯದವನಾದ ನನಗೆ ಸೇತುವೆಯ ಮೈಗೆ ಕಿವಿಗೊಡುವುದು ಹೊಸದೇನಾಗಿರಲಿಲ್ಲ. ಎಂಜಿನಿಯರಿಂಗ್ ಓದಿನ ಕೆಳಗೆ ಅದು ಹೂತುಹೋಗಿತ್ತು. 1989ರಲ್ಲಿ ಸುಳ್ಯದ ಹತ್ತಿರದ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಗಿರೀಶ್ ಭಾರದ್ವಾಜರು ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಅವರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಮುಂದೆ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಅವರು ಕಟ್ಟಿದ್ದರಲ್ಲಿ ಬಹುಪಾಲು, ಮಳೆಗಾಲದಲ್ಲಿ ಹೊಳೆ ತುಂಬಿದರೆ ಪೇಟೆಯ ಸಂಪರ್ಕವೇ ಕಡಿದುಹೋಗುತ್ತಿದ್ದ ಹಳ್ಳಿಗಳಿಗೆ. ಅರಂಬೂರಿನ ಆ ಸೇತುವೆಯಾದಾಗ ನಾನು ಶಾಲೆಯ ಹುಡುಗ. ಆಚೆ ದಡದಲ್ಲಿ ನಮ್ಮ ನೆಂಟರ ಮನೆಯಿತ್ತು. ರಜೆಯಲ್ಲಿ ಮಕ್ಕಳೆಲ್ಲ ಸೇರಿ ಸೇತುವೆಯ ನಡುವೆ ನಿಂತು ಒಟ್ಟಿಗೇ ಕುಣಿಯುವುದು, ಅದು ಅಲೆಯ ಹಾಗೆ ಏಳುವುದನ್ನು ಕಂಡು ಕಿರುಚುವುದು, ಆ ಕಡೆಯಿಂದ ಬುಟ್ಟಿ ಹೊತ್ತು ಬರುವವರು, “ಏ ಮಕ್ಳೇ, ಕುಣೀಬೇಡಿ ಮಾರಾಯ್ರೆ! ಒಬ್ಬೊಬ್ಬರೇ ಮೆಲ್ಲ ನಡೀರಿ” ಎಂದು ಗದರುವುದು. ಒಟ್ಟಿಗೆ ಹೆಜ್ಜೆ ಹಾಕಿದರೆ ತೂಗುಸೇತುವೆಗೆ ಏನಾಗುತ್ತದೆ ಎಂಬುದು ಅಲ್ಲಿನವರಿಗೆ ಕಾಲಿನಿಂದಲೇ ತಿಳಿದಿತ್ತು.

ಗದರಿದ ಮೇಲೆ ನಾವು ಸುಮ್ಮನಾಗಿ ಉಕ್ಕಿನ ಹಗ್ಗಕ್ಕೆ ಕಿವಿ ಹಚ್ಚುತ್ತಿದ್ದೆವು. ಆಚೆ ತುದಿಯಲ್ಲಿ ಕಾಲಿಟ್ಟವರ ಹೆಜ್ಜೆ ಅದರೊಳಗಿಂದ ಬರುತ್ತಿತ್ತು. ಚಪ್ಪಲಿ ಹಾಕಿದವರದೊಂದು ಬಗೆ, ಬರಿಗಾಲಿನವರದೊಂದು ಬಗೆ. ಗಾಳಿ ಬಂದರೆ ಹಗ್ಗವೇ ಒಂದು ಸ್ವರ ಹಿಡಿಯುತ್ತಿತ್ತು. ಅದು ನಮಗೆ ಆಟ, ಬೇರೇನೂ ಆಗಿರಲಿಲ್ಲ. ಮುಂದೆ ಸುರತ್ಕಲ್ಲಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವಾಗ ಕಿವಿಗೆ ಕೆಲಸ ಬಿದ್ದದ್ದು ಒಂದೆರಡು ಕಡೆ ಮಾತ್ರ. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿ ನೋಡು, ಲೋಹದಂಥ ಸ್ವಚ್ಛ ಸದ್ದು ಬಂದರೆ ಚೆನ್ನಾಗಿ ಬೆಂದಿದೆ, ಮಂದ ಸದ್ದು ಬಂದರೆ ಬೆಂದಿಲ್ಲ ಅಥವಾ ಒಡೆದಿದೆ ಎಂದು ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಕಾರ್ಕಳದ ಶಿಲ್ಪಿಗಳು ಕಲ್ಲನ್ನು ಚಾಣದಿಂದ ತಟ್ಟಿ, ಅದರ ನಾದ ಕೇಳಿಯೇ ಮೂರ್ತಿಗೆ ಆಗುವ ಕಲ್ಲು ಯಾವುದೆಂದು ಆರಿಸುವುದನ್ನು ಊರಕಡೆಯವರೆಲ್ಲ ಬಲ್ಲರು. ರೈಲಿನ ಗಾಲಿಗಳನ್ನು ಸುತ್ತಿಗೆಯಿಂದ ತಟ್ಟಿ ಬಿರುಕು ಹುಡುಕುತ್ತಿದ್ದುದೂ ಇದೇ ವಿದ್ಯೆ. ಕಟ್ಟುವವರ ಕಸುಬು ಬಹಳ ಕಾಲ ಕಿವಿಯ ಕಸುಬೂ ಆಗಿತ್ತು. ಕೇಳಿ ತಿಳಿಯುವವರು ಇದ್ದ ಕಡೆಯಲ್ಲೆಲ್ಲ ಯಂತ್ರ ಬಂತು, ಯಂತ್ರ ಹೆಚ್ಚು ನಿಖರವಾಗಿ ಹೇಳಿತು, ಕಿವಿ ಹಿಂದೆ ಸರಿಯಿತು. ಯಂತ್ರ ಬಂದದ್ದಕ್ಕೆ ನಾನು ಕೊರಗುವವನಲ್ಲ. ಅದರಿಂದ ಜೀವಗಳು ಉಳಿದಿವೆ. ಕಿವಿಗೆ ಕೆಲಸವೇ ಇಲ್ಲವಾದಾಗ ಕಳೆದುಕೊಂಡದ್ದು ಏನು ಎಂಬ ಪ್ರಶ್ನೆ ಮಾತ್ರ ಟರ್ಬೈನ್ ಹಾಲಿನಲ್ಲಿ ಹುಟ್ಟಿಕೊಂಡಿತು.

ಕಚೇರಿಗೆ ಮರಳಿ, ಹಳೆಯದೊಂದು ಪಾದಚಾರಿ ಸೇತುವೆಯ ಅಳತೆಯನ್ನು ಫಿಲ್ಟರ್ ತೆಗೆದು ಹೆಡ್‌ಫೋನಿನಲ್ಲಿ ಕೇಳಿದೆ. ನಮ್ಮ ದಾಖಲೆ ಸೆಕೆಂಡಿಗೆ ಕೆಲವೇ ನೂರು ಮಾದರಿಗಳದ್ದು, ಹೀಗಾಗಿ ಮೇಲಿನ ಸ್ವರಗಳಿರಲಿಲ್ಲ. ಆದರೂ ಹೆಜ್ಜೆಗಳಿದ್ದವು. ಓಡುವವರು, ಕುಂಟುವವರು, ಮಗುವಿನ ಗಾಡಿ ನೂಕುವವರು ಅದರಲ್ಲಿದ್ದರು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಕೇಳಿಸಿದೆ. ಅವರು ಪೂರ್ತಿ ಕೇಳಿ, ಇದರಿಂದ ಸೇತುವೆಯ ಬಗ್ಗೆ ಹೊಸದೇನು ತಿಳಿಯಿತು ಎಂದು ಕೇಳಿದರು. ಸರಿಯಾದ ಪ್ರಶ್ನೆ. ಸೇತುವೆಯ ಮೇಲೆ ಯಾರಿದ್ದಾರೆ ಎಂದು ತಿಳಿಯಿತು ಎಂದೆ. ನಮ್ಮ ಲೆಕ್ಕದಲ್ಲಿ ಜನ ಎಂದರೆ ಇಷ್ಟು ನ್ಯೂಟನ್ ಬಲ, ಇಷ್ಟು ಆವರ್ತನ. ಆ ಲೆಕ್ಕ ಸುಳ್ಳಲ್ಲ. ಅದು ಎಲ್ಲರನ್ನೂ ಒಬ್ಬನನ್ನಾಗಿ ಮಾಡುತ್ತದೆ, ಹಾಗೆ ಮಾಡದೆ ವಿನ್ಯಾಸವೂ ಸಾಧ್ಯವಿಲ್ಲ. ಒಬ್ಬೊಬ್ಬರೂ ಬೇರೆ ಬೇರೆಯಾಗಿ ಉಳಿಯುವುದು ಸೋಸಿ ಚೆಲ್ಲಿದ ಭಾಗದಲ್ಲಿ.

ಅಲ್ಲಿಂದ ಈ ಕಲೆಯ ಬೆನ್ನು ಹತ್ತಿದೆ. ಫಾಂಟಾನಾ ಸಂಗೀತ ರಚನೆ ಓದಿದವನು. 1976ರಲ್ಲಿ ಸಿಡ್ನಿಯ ಕಿರಿಬಿಲ್ಲಿ ಧಕ್ಕೆಯಲ್ಲಿ ಆತ ಮಾಡಿದ ಕೆಲಸ ನನಗೆ ತುಂಬ ಇಷ್ಟ. ಅದು ನೀರಿನ ಮೇಲೆ ತೇಲುವ ಕಾಂಕ್ರೀಟ್ ಧಕ್ಕೆ, ನೆಲದಲ್ಲಿ ಸಣ್ಣ ಸಣ್ಣ ತೂತುಗಳು. ಕೆಳಗೆ ಅಲೆ ಬಂದಾಗ ಗಾಳಿ ಒತ್ತಿಕೊಂಡು ಪ್ರತಿ ತೂತೂ ಊದುತ್ತದೆ. ಆತ ಎಂಟು ತೂತುಗಳಿಗೆ ಎಂಟು ಮೈಕ್ ಇಟ್ಟು ಎಂಟು ವಾಹಿನಿಗಳಲ್ಲಿ ಮುದ್ರಿಸಿದ. ಹಾಗೆ ಒಂದು ಧಕ್ಕೆ, ಕೆಳಗಿನ ಕಡಲಿನ ಚಲನೆಯ ನಕ್ಷೆಯೇ ಆಯಿತು. 1983ರಲ್ಲಿ ಬ್ರೂಕ್ಲಿನ್ ಸೇತುವೆಗೆ ನೂರು ತುಂಬಿದಾಗ, ಅದರ ಉಕ್ಕಿನ ಜಾಲರಿಯ ರಸ್ತೆಯ ಮೇಲೆ ಟೈರುಗಳು ಎಬ್ಬಿಸುತ್ತಿದ್ದ ನಾದವನ್ನು ನೇರವಾಗಿ ವರ್ಲ್ಡ್ ಟ್ರೇಡ್ ಸೆಂಟರಿನ ಅಂಗಳಕ್ಕೆ ತಂದ. 1987ರಲ್ಲಿ ಗೋಲ್ಡನ್ ಗೇಟ್ ಸೇತುವೆಗೆ ಐವತ್ತಾದಾಗ ಅದರದೂ ಸರದಿ.

ಕೆಲಸದ ಮೇಲೆ ನ್ಯೂಯಾರ್ಕಿಗೆ ಹೋದಾಗ ಟೈಮ್ಸ್ ಸ್ಕ್ವೇರಿನಲ್ಲಿ ಮ್ಯಾಕ್ಸ್ ನ್ಯೂಹೌಸ್‌ನ ಕೃತಿಯನ್ನು ಹುಡುಕಿಕೊಂಡು ಹೋದೆ. ಬ್ರಾಡ್‌ವೇಯಲ್ಲಿ 45 ಮತ್ತು 46ನೇ ಬೀದಿಗಳ ನಡುವಿನ ತ್ರಿಕೋನ ಜಾಗ, ನೆಲದಲ್ಲಿ ಸಬ್‌ವೇಯ ಗಾಳಿಗಂಡಿಯ ಕಬ್ಬಿಣದ ಜಾಲರಿ. ಅದರ ಕೆಳಗಿನಿಂದ ಗಂಟೆಯ ಅನುರಣನದಂಥ ದಟ್ಟ ನಾದವೊಂದು ಏಳುತ್ತಿರುತ್ತದೆ. ಹೆಸರಿನ ಫಲಕ ಇಲ್ಲ, ವಿವರಣೆ ಇಲ್ಲ. 1977ರಲ್ಲಿ ಅದನ್ನು ಸ್ಥಾಪಿಸಿದ. 1992ರಲ್ಲಿ ನಿಂತು, 2002ರಿಂದ ಮತ್ತೆ ನುಡಿಯುತ್ತಿದೆ. ಲಕ್ಷಾಂತರ ಜನ ಅದನ್ನು ದಾಟುತ್ತಾರೆ. ಕೆಲವರು ಒಂದು ಕ್ಷಣ ನಿಂತು ಕೆಳಗೆ ನೋಡಿ, ಯಾವುದೋ ಯಂತ್ರವಿರಬೇಕೆಂದುಕೊಂಡು ಹೋಗುತ್ತಾರೆ. ನ್ಯೂಹೌಸ್ ತಾಳವಾದ್ಯದಲ್ಲಿ ಪಳಗಿದವನು. 1966ರಲ್ಲಿ ಆತ ಸಂಗೀತ ಕೇಳಲು ಬಂದವರ ಕೈ ಮೇಲೆ ‘ಕೇಳು’ ಎಂಬ ಮೊಹರೊತ್ತಿ, ಸಭಾಂಗಣಕ್ಕೆ ಕರೆದೊಯ್ಯುವ ಬದಲು ಬೀದಿಗಳಲ್ಲಿ ನಡೆಸಿಕೊಂಡು ಹೋಗಿ, ವಿದ್ಯುತ್ ಕೇಂದ್ರವೊಂದರ ಭೋರ್ಗರೆತ ಕೇಳಿಸಿದ. ಜರ್ಮನಿಯ ಕ್ರಿಸ್ಟೀನಾ ಕುಬಿಶ್ ಇನ್ನೊಂದು ಹೆಜ್ಜೆ ಮುಂದೆ ಹೋದವಳು. ಆಕೆಯ ಹೆಡ್‌ಫೋನುಗಳಲ್ಲಿ ತಾಮ್ರದ ಸುರುಳಿಗಳಿವೆ. ಎಟಿಎಂ, ಟ್ರಾಮ್ ತಂತಿ, ಅಂಗಡಿಯ ಕಳ್ಳತನ ತಡೆಯುವ ಬಾಗಿಲು, ನಿಯಾನ್ ದೀಪ ಇವು ಸುತ್ತ ಹರಡುವ ವಿದ್ಯುತ್ಕಾಂತ ಕ್ಷೇತ್ರಗಳನ್ನು ಅವು ಸದ್ದಾಗಿಸುತ್ತವೆ. ಅವನ್ನು ತೊಟ್ಟು ಊರಿನಲ್ಲಿ ನಡೆಯುವುದೇ ಆಕೆಯ ಕೃತಿ.

ಇವರೆಲ್ಲರೂ ಊರಿನ ಎಂಜಿನಿಯರಿಂಗನ್ನು ನಮಗಿಂತ ಹೆಚ್ಚು ಹೊತ್ತು ಕೇಳಿದವರು. ನಾವು ಒಂದು ಪ್ರಶ್ನೆ ಹಿಡಿದುಕೊಂಡು ಹೋಗುತ್ತೇವೆ, ಉತ್ತರ ಸಿಕ್ಕೊಡನೆ ತಂತಿ ಸುತ್ತಿಕೊಂಡು ಬರುತ್ತೇವೆ. ಕಲಾವಿದ ಉತ್ತರ ಸಿಕ್ಕ ಮೇಲೂ ಅಲ್ಲೇ ಕೂತಿರುತ್ತಾನೆ.

ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ ನಾನೂ ಹಾಗೆ ಕೂರುವುದನ್ನು ರೂಢಿ ಮಾಡಿಕೊಂಡೆ. ಅದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಎಸ್.ಪಿ. ರಸ್ತೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಬಜರ್‌ಗೆ ಹಾಕುವ ಪೀಜೋ ಬಿಲ್ಲೆ ಸಿಗುತ್ತದೆ. ಒತ್ತಿದರೆ ವಿದ್ಯುತ್ ಕೊಡುವ ವಸ್ತು ಅದು. ಎರಡು ತಂತಿ ಬೆಸುಗೆ ಹಾಕಿ, ರೆಕಾರ್ಡರಿಗೆ ಜೋಡಿಸಿ, ಕಂಬಕ್ಕೆ ಒತ್ತಿ ಹಿಡಿದರೆ ಕಂಬದೊಳಗಿನದು ಕೇಳುತ್ತದೆ.

ಫ್ಲೈಓವರಿನ ಕೆಳಗೆ ನಿಂತರೆ ಎಲ್ಲರಿಗೂ ಕೇಳುವ ಜೋಡಿ ಸದ್ದೊಂದಿದೆ: ಡಕ್-ಡಕ್. ಅದು ಎಕ್ಸ್‌ಪ್ಯಾನ್ಷನ್ ಜಾಯಿಂಟಿನದು. 30 ಮೀಟರ್ ಉದ್ದದ ಕಾಂಕ್ರೀಟ್ ತೊಲೆ 20 ಡಿಗ್ರಿ ಬಿಸಿಯೇರಿದರೆ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತದೆ. ಆ ಹಿಗ್ಗುವಿಕೆಗೆ ಜಾಗ ಬಿಡದಿದ್ದರೆ ಸೇತುವೆ ಸೀಳುತ್ತದೆ, ಅದಕ್ಕೇ ನಡುವೆ ಸಂದು. ಗಾಲಿ ಅದನ್ನು ದಾಟುವಾಗ ಒಂದು ಪೆಟ್ಟು. ಮುಂದಿನ ಗಾಲಿಯದೊಂದು, ಹಿಂದಿನದೊಂದು. ಎರಡರ ನಡುವಿನ ಬಿಡುವೇ ವಾಹನದ ಪರಿಚಯ. ಗಂಟೆಗೆ 36 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಗಾಲಿಗಳ ನಡುವೆ 6 ಮೀಟರ್ ಅಂತರವಿರುವ ಬಸ್ಸಾದರೆ ಎರಡು ಪೆಟ್ಟುಗಳ ನಡುವೆ 0.6 ಸೆಕೆಂಡ್, 2 ಮೀಟರಿನ ಆಟೋ ಆದರೆ 0.2 ಸೆಕೆಂಡ್. ಚಂಡೆಯ ಮುಕ್ತಾಯದ ಪೆಟ್ಟುಗಳನ್ನು ಎಣಿಸುವ ಹಾಗೆ ಎಣಿಸುತ್ತ ನಿಂತರೆ, ಕಣ್ಣು ಮುಚ್ಚಿದ್ದರೂ ಮೇಲೆ ಏನು, ಎಷ್ಟು ವೇಗದಲ್ಲಿ ಹೋಯಿತೆಂದು ಹೇಳಬಹುದು. ಮಧ್ಯಾಹ್ನ ಬಿಸಿಲಿಗೆ ತೊಲೆಗಳು ಹಿಗ್ಗಿ ಸಂದು ಕಿರಿದಾದಾಗ ಪೆಟ್ಟಿನ ಬಣ್ಣವೇ ಬೇರೆ, ನಸುಕಿನ ಚಳಿಯಲ್ಲಿ ಬೇರೆ.

ಮೆಟ್ರೋ ಕಂಬದ್ದು ಇನ್ನೊಂದು ಲೋಕ. ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ಮಾರ್ಗ 2011ರ ಅಕ್ಟೋಬರಿನಲ್ಲಿ ಶುರುವಾಯಿತು. ಆ ಮಾರ್ಗದ ಕಂಬವೊಂದಕ್ಕೆ ಬಿಲ್ಲೆ ಒತ್ತಿ ನಿಂತಿದ್ದೆ. ಹತ್ತಿರದ ಅಂಗಡಿಯ ಸೆಕ್ಯುರಿಟಿಯವರು ಎದ್ದು ಬಂದರು.

“ಏನ್ ಸಾರ್ ಅದು, ಕಂಬಕ್ಕೆ ಏನ್ ಹಚ್ತಿದೀರ?”

ಹೆಡ್‌ಫೋನ್ ಕೊಟ್ಟೆ. ಹಾಕಿಕೊಂಡರು. ರೈಲು ನಿಲ್ದಾಣದಿಂದ ಹೊರಟಿತು. ಮೋಟಾರಿನ ಏರುವ ಸ್ವರ, ತೊಲೆಯ ಮೇಲೆ ಭಾರ ಬಿದ್ದಾಗಿನ ಆಳದ ಮೊಳಗು, ಆಮೇಲೆ ಬೋಗಿ ಬೋಗಿಗೂ ಒಂದೊಂದು ಅಲೆ. ರೈಲು ದಾಟಿದ ಮೇಲೂ ಅವರು ಹೆಡ್‌ಫೋನ್ ತೆಗೆಯಲಿಲ್ಲ.

“ನಾನ್ ದಿನಾ ಒರಗಿ ಕೂತ್ಕೊಳೋ ಕಂಬ ಸಾರ್ ಇದು. ಬೆನ್ನಿಗೆ ಗೊತ್ತಾಗ್ತಿತ್ತು, ಕಿವಿಗೆ ಇವತ್ತೇ.”

ಅಂದಿನಿಂದ ನನಗೆ ಪರಿಚಿತರಾದರು. ಆ ದಾರಿಯಲ್ಲಿ ಹೋದಾಗ, “ಇವತ್ತು ಕೇಳೋದಿಲ್ವಾ ಸಾರ್?” ಎನ್ನುತ್ತಾರೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಒಂದು ರಾತ್ರಿ ಫ್ಲೈಓವರೊಂದರ ಜಾಯಿಂಟಿನ ಸದ್ದು ಮುದ್ರಿಸುತ್ತಿದ್ದೆ. ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರು ಮೊದಲ ಮಹಡಿಯ ಬಾಲ್ಕನಿಯಲ್ಲಿ ನಿಂತಿದ್ದರು. ಸೇತುವೆಯ ಗೋಡೆಗೂ ಅವರ ಕಿಟಕಿಗೂ ನಡುವೆ ಕೆಲವೇ ಅಡಿ. ಏನು ಮಾಡುತ್ತಿದ್ದೀರೆಂದು ಕೇಳಿದರು, ಹೇಳಿದೆ.

“ನಿಮಗದು ಸಂಗೀತ ಕಣಪ್ಪ. ನಾನು ಇದು ಕಟ್ಟಿದಾಗಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಲಾರಿ ಹೋದಾಗೆಲ್ಲ ಎದೆ ಹೊಡ್ಕೊಳ್ಳತ್ತೆ. ಯಾರಿಗೆ ಹೇಳಿದ್ರೂ ಸೇತುವೆ ಗಟ್ಟಿಯಾಗಿದೆ ಅಂತಾರೆ.”

ಆ ರಾತ್ರಿ ನಾನೂ ನಿದ್ದೆ ಮಾಡಲಿಲ್ಲ. ಗದ್ದಲವನ್ನು ಕಲೆ ಎಂದು ಮೆರೆಸಿದವರು ಹಿಂದೆಯೂ ಇದ್ದಾರೆ. ಇಟಲಿಯ ಲುಯಿಜಿ ರುಸ್ಸೋಲೋ 1913ರಲ್ಲೇ ಗದ್ದಲದ ಕಲೆಯ ಘೋಷಣೆ ಬರೆದು, ಕಾರ್ಖಾನೆ, ಮೋಟಾರು, ಯುದ್ಧಗಳ ಅಬ್ಬರವನ್ನು ಕೊಂಡಾಡಿದ. ನನಗೆ ಆ ಕೊಂಡಾಟ ಹಿಡಿಸುವುದಿಲ್ಲ. ಗದ್ದಲದ ಪಕ್ಕದಲ್ಲಿ ಮಲಗಬೇಕಾದವರು ಆ ಘೋಷಣೆಯಲ್ಲಿ ಇಲ್ಲ. ಹಾಗಾದರೆ ನಾನು ಕಂಬಗಳಿಗೆ ಕಿವಿ ಹಚ್ಚುವುದೂ ಅದೇ ಜಾತಿಯದೇ? ಹಲವು ದಿನ ಇದನ್ನು ಯೋಚಿಸಿದೆ.

ಯೋಚಿಸಿದಷ್ಟೂ ಒಂದು ಸಂಗತಿ ಸ್ಪಷ್ಟವಾಯಿತು. “ಸೇತುವೆ ಗಟ್ಟಿಯಾಗಿದೆ” ಎಂದವರು ಸುಳ್ಳು ಹೇಳಿರಲಿಲ್ಲ. ನಮ್ಮ ಅಳತೆಗಳೂ ಅದನ್ನೇ ಹೇಳುತ್ತವೆ. ಆ ತಾಯಿಯ ನಿದ್ದೆ ಕೆಡಿಸುವ ಪೆಟ್ಟು ಇರುವುದು ಕಿವಿಗೆ ಕೇಳುವ ಕಂಪನದಲ್ಲಿ, ನಾವು ಮೊದಲ ಹೆಜ್ಜೆಯಲ್ಲೇ ಫಿಲ್ಟರ್ ಹಾಕಿ ತೆಗೆಯುವ ಭಾಗದಲ್ಲಿ. ಅವರ ದೂರು ಯಾರೂ ಬೇಕೆಂದು ತಳ್ಳಿಹಾಕಿದ್ದಲ್ಲ. ನಮ್ಮ ದಾಖಲೆಗೆ ಅದು ಬರುವುದೇ ಇಲ್ಲ. ಫಾಂಟಾನಾ ಟರ್ಬೈನ್ ಹಾಲಿಗೆ ತಂದ ಹೆಜ್ಜೆಗಳು, ಸೆಕ್ಯುರಿಟಿಯವರ ಬೆನ್ನು ಹಿಡಿದ ಮೊಳಗು, ಈ ತಾಯಿಯ ನಿದ್ದೆಗೇಡು ಮೂರೂ ಇರುವುದು ಅದೇ ಭಾಗದಲ್ಲಿ. ಅದನ್ನು ಸೋಸಿ ಚೆಲ್ಲಿದಾಗ ನಾದವೂ ಹೋಗುತ್ತದೆ, ನೋವೂ ಹೋಗುತ್ತದೆ, ಉಳಿಯುವುದು ಗಟ್ಟಿಯಾದ ಸೇತುವೆ.

ಈ ಕಲೆ ನನಗೆ ಕಲಿಸಿದ್ದು ಇದು. ಕಲಾವಿದ ಬಂದು ಸೇತುವೆಗೆ ಸೌಂದರ್ಯ ಅಂಟಿಸುವುದಿಲ್ಲ. ಕಟ್ಟಿದವರು ಕೇಳದೆ ಬಿಟ್ಟದ್ದನ್ನು ನಾಲ್ಕು ಜನರ ನಡುವೆ ಇಡುತ್ತಾನೆ. ಹಾಗೆ ಇಟ್ಟ ಮೇಲೆ ಕೇಳಿಲ್ಲ ಎನ್ನಲು ಯಾರಿಗೂ ಆಗದು. ಆಮೇಲಿನದು ನಮ್ಮ ಕೆಲಸ. ಜಾಯಿಂಟಿನ ಪೆಟ್ಟು ಕಡಿಮೆ ಮಾಡುವ ದಾರಿಗಳು ಇಲ್ಲದಿಲ್ಲ. ಬೆರಳುಗಳ ಹಾಗೆ ಹೆಣೆದುಕೊಳ್ಳುವ ಜಾಯಿಂಟುಗಳಿವೆ. ಅವುಗಳ ಮೇಲೆ ಗಾಲಿ ಸಂದಿಗೆ ಬೀಳದೆ ಜಾರಿಹೋಗುತ್ತದೆ. ಹಲವು ತೊಲೆಗಳ ಮೇಲಿನ ಹಾಸನ್ನು ಒಂದಾಗಿ ಎರಕ ಹೊಯ್ದು ಸಂದುಗಳನ್ನೇ ಕಡಿಮೆ ಮಾಡಬಹುದು. ಮನೆಯ ಕಿಟಕಿಯ ಎದುರಿಗೆ ಸಂದು ಬಾರದಂತೆ ಕಂಬಗಳ ಜಾಗವನ್ನು ಮೊದಲೇ ಸರಿಸಬಹುದು. ಇವೆಲ್ಲ ತಿಳಿದ ವಿದ್ಯೆಗಳು. ವಿನ್ಯಾಸದ ಮೇಜಿನ ಮೇಲೆ ಆ ಸದ್ದು ಇದ್ದರೆ ಮಾತ್ರ ಅವು ನೆನಪಾಗುತ್ತವೆ.

ಈಗ ಆಗಾಗ ಎಂಜಿನಿಯರಿಂಗ್ ಕಾಲೇಜುಗಳಿಗೆ ಪಾಠ ಹೇಳಲು ಹೋಗುತ್ತೇನೆ. ಮೊದಲ ತರಗತಿಯಲ್ಲಿ ಸಮೀಕರಣ ಬರೆಯುವುದಿಲ್ಲ. ಹುಡುಗ ಹುಡುಗಿಯರ ಕೈಗೆ ಪೀಜೋ ಬಿಲ್ಲೆ ಕೊಟ್ಟು ಹತ್ತಿರದ ಯಾವುದಾದರೂ ಪಾದಚಾರಿ ಮೇಲ್ಸೇತುವೆಗೆ ಕರೆದೊಯ್ಯುತ್ತೇನೆ. ಕೈಕಂಬಿ, ಮೆಟ್ಟಿಲು, ಕಂಬ ಒಂದೊಂದಕ್ಕೂ ಒತ್ತಿ ಕೇಳಿ ಎನ್ನುತ್ತೇನೆ. ಒಮ್ಮೆ ಒಬ್ಬ ಹುಡುಗಿ, “ಸಾರ್, ಈ ಕಂಬಿ ಮಾತ್ರ ಬೇರೆ ಥರ ಗಿಲಿಗಿಲಿ ಅನ್ನುತ್ತೆ” ಎಂದಳು. ಬಗ್ಗಿ ನೋಡಿದರೆ ಬುಡದ ಬೋಲ್ಟು ಸಡಿಲ. ಅವಳ ಗೆಳೆಯರು ಚಪ್ಪಾಳೆ ತಟ್ಟಿದರು, ನನಗೂ ಹೆಮ್ಮೆಯಾಯಿತು. ಅದಕ್ಕಿಂತ ಹೆಚ್ಚಿನ ಹೆಮ್ಮೆ ಆದದ್ದು ಇನ್ನೊಬ್ಬ ಹುಡುಗನ ವರದಿ ಓದಿದಾಗ. ಅದರಲ್ಲಿ ಅವನು ಸೇತುವೆಯ ತೊಲೆಗಳ ಜೊತೆಗೆ, ಅದರ ಕೆಳಗೆ ಹೂ ಮಾರುವವರನ್ನು, ಅವರಿಗೆ ದಿನವಿಡೀ ಕೇಳುವುದೇನು ಎಂಬುದನ್ನು ಬರೆದಿದ್ದ. ಯಾರೂ ಬರೆ ಎಂದು ಹೇಳಿರಲಿಲ್ಲ.

ನನ್ನ ವರದಿಗಳಲ್ಲೂ ಈಗ ಒಂದು ಪುಟ ಹೆಚ್ಚು. ಫಿಲ್ಟರ್ ಹಾಕುವ ಮುಂಚಿನ ದಾಖಲೆಯನ್ನು ಕೇಳುವ ರೂಪದಲ್ಲಿ ಜೊತೆಗಿಡುತ್ತೇನೆ. ಸೇತುವೆಯ ಪಕ್ಕ, ಕೆಳಗೆ, ಮೇಲೆ ಇರುವವರಿಗೆ ಹಗಲು ಏನು ಕೇಳುತ್ತದೆ, ರಾತ್ರಿ ಏನು ಕೇಳುತ್ತದೆ ಎಂದು ಅವರನ್ನೇ ಕೇಳಿ ಆ ಪುಟದಲ್ಲಿ ಬರೆಯುತ್ತೇನೆ. ಕಟ್ಟಿಸುವವರಲ್ಲಿ ಕೆಲವರು ಇದೇಕೆ ಎನ್ನುತ್ತಾರೆ. ನಿಯಮಾವಳಿಯಲ್ಲಿ ಇದಕ್ಕೆ ಜಾಗವಿಲ್ಲ ಎಂದು ನೆನಪಿಸುತ್ತಾರೆ. ನಿಯಮಾವಳಿಯೂ ಯಾರೋ ಕೇಳಿಸಿಕೊಂಡು ಬರೆದದ್ದೇ. ಮಿಲೇನಿಯಂ ಸೇತುವೆ ತೂಗಾಡುವ ಮುಂಚೆ ನಡೆಯುವ ಜನರ ಪಕ್ಕದ ನೂಕಿಗೂ ಅದರಲ್ಲಿ ತಕ್ಕ ಜಾಗವಿರಲಿಲ್ಲ, ಆಮೇಲೆ ಬಂತು. ಸದ್ದಿಗೂ ಬರುತ್ತದೆ. ಬರುವ ತನಕ ಆ ಪುಟ ಬರೆಯದೆ ಯಾವ ವರದಿಗೂ ನಾನು ಸಹಿ ಹಾಕುವುದಿಲ್ಲ.